ಖಣದ ಅಂಗಿ ತೊಟ್ಟ ಫೈಲು

ಫೈಲನ್ನು ಹಿಂದುಮುಂದು ಮಾಡಿ, ಅಕ್ಷರವಿರುವ ಬದಿಯನ್ನು ಹೊಟ್ಟೆಗೆ ಅವಚಿಕೊಂಡು ಬರುವವರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಬಾಗಲಕೋಟೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕ್ಯಾನ್ಸರ್ ವಿಭಾಗದ ಬಾಗಿಲ ಪಕ್ಕಕ್ಕೆ ಒಂದು ಕಬ್ಬಿಣದ ಬೆಂಚಿದೆ. ಗುರುವಾರ ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೋಗಿ ಅದರ ಮೇಲೆ ಕೂಡುತ್ತೇನೆ. ನಾನು ಡಾಕ್ಟರಲ್ಲ, ನರ್ಸಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ನಿವೃತ್ತಳಾದವಳು. ಹೊಸದಾಗಿ ಬಂದವರಿಗೆ ಯಾವ ಕೋಣೆಗೆ ಹೋಗಬೇಕು, ಇಂಜೆಕ್ಷನ್ ಆದ ಮೇಲೆ ಬಾಯಿ ಹುಣ್ಣಾದರೆ ಏನು ತಿನ್ನಬೇಕು, ಜ್ವರ ಬಂದರೆ ಯಾಕೆ ಮನೆಯಲ್ಲಿ ಕಷಾಯ ಕುಡಿದು ಮಲಗಬಾರದು, ಇಷ್ಟನ್ನು ಅವರ ಮಾತಿನಲ್ಲೇ ತಿಳಿಸಿ ಹೇಳುವುದು ನನ್ನ ಕೆಲಸ. ಇದು ಮುಟ್ಟಿದರೆ ಹತ್ತುವ ರೋಗವಲ್ಲ, ತಾಟು ಬೇರೆ ಇಡಬೇಡಿ ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತೇನೆ.

ಕಳೆದ ಗುರುವಾರ ಕುಳಗೇರಿ ಕ್ರಾಸಿನ ಕಡೆಯಿಂದ ತಾಯಿ ಮಗ ಬಂದರು. ತಾಯಿಗೆ ಅರವತ್ತರ ಆಸುಪಾಸು, ಹಣೆ ತುಂಬ ವಿಭೂತಿ. ಮಗನ ಕೈಯಲ್ಲಿ ಫೈಲು, ಮೊದಲೇ ಹೇಳಿದಂತೆ ಹೊಟ್ಟೆಗೆ ಒತ್ತಿಕೊಂಡದ್ದು. ತಾಯಿಯನ್ನು ಬೆಂಚಿನ ಮೇಲೆ ಕೂಡಿಸಿ, ನನ್ನನ್ನು ಕಿಟಕಿಯ ಹತ್ತಿರ ಕರೆದೊಯ್ದ.

"ಅಕ್ಕೋರ, ಒಂದು ಮಾತು. ನಮ್ಮವ್ವಗ ಏನೂ ಹೇಳಬ್ಯಾಡ್ರಿ. ಗಂಟು ಆಗೇತಿ ಅಂತಷ್ಟ ಹೇಳೇವಿ. ಖರೆ ಗೊತ್ತಾದ್ರ ಎದಿ ಒಡಕೊಂತಾಳ."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಶಾಲೆಯ ಮಕ್ಕಳನ್ನು ಕೇಳಿದರೆ ಈಗಲೂ ಹೇಳುತ್ತಾರೆ. ಅವನಿಗೆ ಎರಡು ಮಾತು ಬಿಗಿಯಬೇಕೆಂದು ಬಾಯಿ ತೆರೆದೆ, ಆದರೆ ಆ ಫೈಲು ನೋಡಿ ಸುಮ್ಮನಾದೆ. ಅವನು ಪಾಪ, ಅದನ್ನು ತಿರುಗಿಸಿ ಹಿಡಿದಿದ್ದ ಅಷ್ಟೆ. ನಾನು ಫೈಲಿಗೆ ಅಂಗಿಯನ್ನೇ ಹೊಲಿದವಳು.

ನಾನು ಕಮತಗಿಯ ಹುಡುಗಿ. ನನ್ನ ಅಪ್ಪನ ಅಕ್ಕನನ್ನು ಇಳಕಲ್ಲಿಗೆ ಕೊಟ್ಟಿದ್ದರು. ಅವಳ ಹಿರಿಯ ಮಗನಿಗೇ ನನ್ನನ್ನು ಕೊಟ್ಟಿದ್ದರಿಂದ ಸೋದರತ್ತೆಯೇ ಅತ್ತೆಯಾದಳು. ನನ್ನ ಗಂಡನಿಗೆ ಬಾಗಲಕೋಟೆಯಲ್ಲಿ ನೌಕರಿ, ನನಗೂ ಅಲ್ಲೇ ಶಾಲೆ. ಅತ್ತೆ ಮಾತ್ರ ಕಿರಿಮಗನ ಜೊತೆ ಇಳಕಲ್ಲಿನ ಮನೆಯಲ್ಲೇ ಉಳಿದಳು. ನನ್ನ ಮೈದುನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಇಡೀ ಮನೆ ಖಟ್ಟ ಖಟ್ಟ ಎನ್ನುತ್ತಿತ್ತು. ಓಣಿಯ ಹತ್ತು ಮನೆಗಳಿಂದ ಅದೇ ಸದ್ದು ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಆ ಸದ್ದಿಗೆ ನನಗೆ ತಲೆ ಶೂಲೆ ಬರುತ್ತಿತ್ತು. ಈಗ ಬಾಗಲಕೋಟೆಯ ನಮ್ಮ ಮನೆಯ ಮೌನದಲ್ಲಿ ಕೂತಾಗ ಆ ಸದ್ದು ಕೇಳಬೇಕೆಂದು ಜೀವ ಬಡಿದುಕೊಳ್ಳುತ್ತದೆ.

ಅತ್ತೆಯ ಕೆಲಸ ಕೊಂಡಿ ಹಾಕುವುದು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ನೇಯುವುದಕ್ಕೆ ಮೊದಲು ಒಡಲಿನ ಒಂದೊಂದು ಎಳೆಯ ಕುಣಿಕೆಯೊಳಗೆ ಸೆರಗಿನ ಕೆಂಪು ಎಳೆಯ ಕುಣಿಕೆಯನ್ನು ಸಿಕ್ಕಿಸಬೇಕು. ಸಾವಿರಾರು ಎಳೆ, ಒಂದೂ ತಪ್ಪುವಂತಿಲ್ಲ. ಅತ್ತೆ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತು, ಬಾಯಿಯಲ್ಲಿ ವಚನ ಗುನುಗುತ್ತ ಬೆರಳಿನಿಂದಲೇ ಲೆಕ್ಕ ಹಿಡಿಯುತ್ತಿದ್ದಳು. ಶುರು ಮಾಡಿದರೆ ಮುಗಿಯುವ ತನಕ ಏಳುವಂತಿಲ್ಲ. ನಡುವೆ ಬಿಟ್ಟರೆ ಎಳೆಗಳು ಜಾರಿ ಗೋಜಲಾಗುತ್ತವೆ. ಬೀಗರು ಬಂದು ಬಾಗಿಲಲ್ಲಿ ನಿಂತರೂ ಕೂತಲ್ಲಿಂದಲೇ "ಬರ್ರಿ, ಕೈಕಾಲ ತೊಳಕೋರಿ" ಅನ್ನುತ್ತಿದ್ದಳೇ ಹೊರತು ಎದ್ದದ್ದನ್ನು ನಾನು ಕಾಣೆ. ಶಾಲೆಯ ಸೂಟಿಗೆ ಹೋದಾಗ ನನ್ನನ್ನೂ ಎದುರಿಗೆ ಕೂಡಿಸಿಕೊಳ್ಳುತ್ತಿದ್ದಳು. ನನಗೆ ಎಲ್ಲದರಲ್ಲೂ ಅವಸರ. ಎರಡು ಎಳೆಗೆ ಒಂದೇ ಕುಣಿಕೆ ಸಿಕ್ಕಿಸಿ ಮುಂದೆ ಹೋಗಿಬಿಡುತ್ತಿದ್ದೆ. "ಅಕ್ಕೋರ, ಸಾಲ್ಯಾಗ ಹುಡುಗ್ರನ್ನೂ ಹಿಂಗ ಇಬ್ಬಿಬ್ಬರನ್ನ ಕೂಡಿಸಿ ಪಾಸ ಮಾಡ್ತೀ ಏನು?" ಎಂದು ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು.

ಒಂದು ಪಂಚಮಿಗೆ ಹೋದಾಗ, ಬಚ್ಚಲಿನಿಂದ ಬಂದವಳು ನನ್ನನ್ನು ಒಳಕೋಣೆಗೆ ಕರೆದಳು. ಎಡಗಡೆ ಎದೆಯ ಮೇಲೆ ನನ್ನ ಬೆರಳು ಇಡಿಸಿ, "ಇಲ್ಲಿ ಕಡ್ಲಿ ಕಾಳಿನಷ್ಟ ಏನೋ ಕೈಗೆ ಹತ್ತತೈತಿ. ನೋಯಂಗಿಲ್ಲ ಮಾಡಂಗಿಲ್ಲ" ಅಂದಳು. ಕಡಲೆಕಾಳಲ್ಲ, ಅಡಕೆಯಷ್ಟಿತ್ತು. ನೋಯುವುದಿಲ್ಲವೆಂದು ಆರು ತಿಂಗಳು ಸುಮ್ಮನಿದ್ದಳಂತೆ. ಉಂಡೆ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಮರುದಿನವೇ ಬಾಗಲಕೋಟೆಗೆ ಕರೆತಂದೆ.

ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಗಂಡ, ಮೈದುನ, ನಾನು ಮೂವರೂ ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಂತೆವು. ನನ್ನ ಗಂಡ ಕಣ್ಣೊರೆಸಿಕೊಂಡು, "ಅವ್ವಗ ಹೇಳೂದು ಬ್ಯಾಡ" ಅಂದರು. ಮೈದುನ ಹೂಂ ಅಂದ. ನಾನೂ ಹೂಂ ಅಂದೆ. ಅಷ್ಟೇ ಅಲ್ಲ, ಸುಳ್ಳನ್ನು ಹೆಣೆದವಳು ನಾನೇ. ಓದಿದವಳು ಎಂದು ಆ ಕೆಲಸ ನನಗೆ ಬಂತು. ಎದೆಯೊಳಗೆ ಹಾಲು ಗಟ್ಟಿಯಾಗಿದೆ, ತೆಗೆದುಬಿಟ್ಟರೆ ಮುಗಿಯಿತು ಎಂದು ಹೇಳುವುದೆಂದಾಯಿತು.

ಅತ್ತೆ ಕೇಳಿಸಿಕೊಂಡು ಬೆರಳು ಮಡಚಿ ಲೆಕ್ಕ ಹಾಕಿದಳು.

"ನಿನ್ನ ಮೈದುನನ್ನ ಹಾಲ ಬಿಡಿಸಿ ಮೂವತ್ತೆಂಟು ವರ್ಸಾತು. ಇಷ್ಟು ದಿನ ಎಲ್ಲಿತ್ತಂತ ಈ ಹಾಲು?"

"ಒಮ್ಮೊಮ್ಮಿ ಹಂಗ ಉಳಿತೈತಂತ ಅತ್ತಿ."

"ಡಾಕ್ಟರ್ ಅಂದ್ರು?"

"ಹೂಂ, ಡಾಕ್ಟರ್ ಅಂದ್ರು."

ಅತ್ತೆ ನನ್ನನ್ನು ನಂಬಿದಳು. ತಮ್ಮನ ಮಗಳು, ಅದರಲ್ಲೂ ಶಾಲೆಯ ಅಕ್ಕೋರು, ಸುಳ್ಳು ಯಾಕೆ ಹೇಳುತ್ತಾಳೆ?

ಆದರೆ ಅತ್ತೆಗೆ ಓದಲು ಬರುತ್ತಿತ್ತು. ದೊಡ್ಡ ಅಕ್ಷರದ ವಚನದ ಪುಸ್ತಕ ಹಿಡಿದು ಬೆರಳಿಟ್ಟು ಕೂಡಿಸಿ ಕೂಡಿಸಿ ಓದುತ್ತಿದ್ದಳು. ಆಸ್ಪತ್ರೆಯ ಫೈಲಿನ ಮೇಲೋ, ಕಣ್ಣಿಗೆ ಕುಕ್ಕುವ ಹಾಗೆ ಆ ಶಬ್ದ ಅಚ್ಚಾಗಿತ್ತು. ಯಾವುದೋ ಮದುವೆಯಲ್ಲಿ ಉಡಿ ತುಂಬಿದ ಗುಳೇದಗುಡ್ಡದ ಖಣವೊಂದು ನನ್ನ ಟ್ರಂಕಿನಲ್ಲಿತ್ತು, ಹಸಿರು ಒಡಲಿಗೆ ಕೆಂಪು ದಡಿ. ಅದನ್ನು ಅಳತೆಗೆ ಮಡಚಿ, ಹೊಲಿದು, ಫೈಲಿಗೆ ಅಂಗಿ ತೊಡಿಸಿದೆ. ನೋಡಿದ ಅತ್ತೆಗೆ ಹೊಟ್ಟೆ ಉರಿಯಿತು. "ನನಗೊಂದು ಕುಪ್ಪಸ ಆಗ್ತಿತ್ತು. ಕಾಗದಕ್ಕ ತೊಡಿಸೀಯಲ್ಲ, ಖಣ ದಂಡ ಮಾಡಿದಿ" ಎಂದು ವಾರಗಟ್ಟಲೆ ಆಡಿಕೊಂಡಳು.

ವಿಭಾಗದ ಮುಂದಿನ ಬೋರ್ಡಿಗೆ ಅಂಗಿ ಹೊಲಿಯಲು ಬರುತ್ತಿರಲಿಲ್ಲ. ಅದಕ್ಕೆ ನಾವು ಮುಂಬಾಗಿಲಿನಿಂದ ಹೋಗುವುದನ್ನೇ ಬಿಟ್ಟೆವು. ಹಿಂದೆ ಕ್ಯಾಂಟೀನಿನ ಪಾತ್ರೆ ತೊಳೆಯುವ ಜಾಗದಿಂದ ಒಂದು ಹಾದಿಯಿತ್ತು. ಕ್ಯಾಂಟೀನಿನವನಿಗೆ ಗುಟ್ಟು ಹೇಳಿ ಒಪ್ಪಿಸಿದ್ದೆ. ಸೀರೆಯ ನೆರಿಗೆ ಎತ್ತಿ ಹಿಡಿದು, ಜಾರುವ ಕಲ್ಲಿನ ಮೇಲೆ ಹೆಜ್ಜೆ ಇಡುತ್ತ ಅತ್ತೆ, "ಇಷ್ಟು ದೊಡ್ಡ ದವಾಖಾನಿ ಕಟ್ಯಾರ, ಒಂದು ಛಲೋ ಬಾಗಲಾ ಇಡಬಾರದೇನು" ಎಂದು ಗೊಣಗುತ್ತಿದ್ದಳು. ನನಗೆ ನಗು ಬರುತ್ತಿತ್ತು. ನಕ್ಕು ಮನೆಗೆ ಬಂದು ಬಚ್ಚಲಲ್ಲಿ ಅಳುತ್ತಿದ್ದೆ.

ಆಪರೇಷನ್ ಚೆನ್ನಾಗಿ ಆಯಿತು. ಒಂದು ಬದಿಯ ಎದೆಯನ್ನೇ ತೆಗೆದರು. ಗಾಯ ಮಾಯಲು ಒಂದು ತಿಂಗಳು ಇಳಕಲ್ಲಿನಲ್ಲಿದ್ದು ಬಂದಳು. ಆಮೇಲೆ ಮೂರು ವಾರಕ್ಕೊಂದರಂತೆ ಆರು ಇಂಜೆಕ್ಷನ್ ಕೊಡಬೇಕೆಂದರು. ಹಾಲಿನ ಕಥೆ ಇದಕ್ಕೆ ಸಾಲಲಿಲ್ಲ. ರಕ್ತ ಶುದ್ಧ ಮಾಡುವ ಇಂಜೆಕ್ಷನ್ ಎಂದೆ. ಎರಡು ಆಗುವಷ್ಟರಲ್ಲಿ ತಲೆಗೂದಲು ಉದುರಿತು. ಮೈಯೊಳಗಿನ ಉಷ್ಣ ಹೊರಗೆ ಹೋಗುತ್ತಿದೆ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಊರುಗೋಲು ಕೊಡುತ್ತ ಹೋದೆ. ಎಷ್ಟು ಚೆನ್ನಾಗಿ ನಿಭಾಯಿಸುತ್ತಿದ್ದೇನೆ ಎಂದು ಒಳಗೊಳಗೆ ಹೆಮ್ಮೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಮೂರನೆಯ ಇಂಜೆಕ್ಷನ್ನಿನ ದಿನ ಅತ್ತೆ ಬರಲಿಲ್ಲ. ಫೋನು ಮಾಡಿದರೆ, "ಗಂಟ ತಗದಾರ, ಗಾಯ ಮಾದೈತಿ, ರಕ್ತಾನೂ ಸುದ್ದ ಆತು. ಇನ್ನ್ಯಾಕ ಬರಲಿ? ಆ ಸೂಜಿ ಚುಚ್ಚಿಸಿಕೊಂಡ್ರ ಎಂಟು ದಿನ ಅನ್ನದ ವಾಸನಿ ಸೇರಂಗಿಲ್ಲ. ನಾ ಒಲ್ಲೆ" ಅಂದಳು. ಗಂಡ ಬೇಡಿಕೊಂಡರು, ಮೈದುನ ಕೈಮುಗಿದ. ರೋಗವೇ ಇಲ್ಲದವಳು ಯಾಕೆ ಬರಬೇಕು? ಅವಳ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಒಂದು ವಾರ ಹೋಯಿತು, ಎರಡಾಯಿತು.

ವಾರ್ಡಿನ ಸಿಸ್ಟರ್ ನನ್ನ ಶಾಲೆಗೇ ಫೋನು ಮಾಡಿದರು. ಬಾದಾಮಿ ಕಡೆಯವರು, ಮಾತು ನೇರ.

"ಅತ್ತಿಯವರು ಯಾಕ ಬರವಲ್ಲರು?"

"ಅವರಿಗೆ ಏನಾಗೇತಿ ಅಂತ ನಾವು ಹೇಳಿಲ್ರಿ ಸಿಸ್ಟರ್."

"ಅದು ನನಗ ಗೊತ್ತೈತಿ. ಆವತ್ತ ಖಣದ ಫೈಲು ನೋಡಿದಾಗ ಗೊತ್ತಾತು. ರೋಗ ಇಲ್ಲ ಅಂತ ನೀವ ಹೇಳೀರಿ. ಔಷಧ ತಗೋರಿ ಅಂತ ಈಗ ಯಾವ ಬಾಯಿಲೆ ಹೇಳ್ತೀರಿ? ಅರ್ಧಕ್ಕ ಬಿಟ್ರ ಮತ್ತ ಹೊಳ್ಳಿ ಬರಬಹುದು. ಬಂದ್ರ ಆಗ ಮುಚ್ಚಿಡಾಕ ಎಷ್ಟು ಖಣ ತರ್ತೀರಿ?"

ಮರುದಿನ ರಜೆ ಹಾಕಿ ಇಳಕಲ್ ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಕಟ್ಟಿದೆ. ಕಮತಗಿಯ ತನಕ ಒಂದು ಥರ ಇತ್ತು, ಅಮೀನಗಡದಲ್ಲಿ ಬದಲಿಸಿದೆ, ಹುನಗುಂದ ದಾಟುವಷ್ಟರಲ್ಲಿ ಎಲ್ಲ ಮರೆತಿತ್ತು. ನಾನು ಅಷ್ಟು ಹೆದರಿದ್ದು ನನ್ನ ಹೆರಿಗೆಯಲ್ಲೂ ಇಲ್ಲ. ನನ್ನ ಮಾತಿನಿಂದ ಅತ್ತೆ ಕುಸಿದುಬಿಟ್ಟರೆ ಎಂಬ ಭಯ ಒಂದು ಕಡೆ, ಹೇಳದಿದ್ದರೆ ಅವಳನ್ನು ಕಳೆದುಕೊಳ್ಳುತ್ತೇನೆಂಬ ಭಯ ಇನ್ನೊಂದು ಕಡೆ.

ಅತ್ತೆ ಪಡಸಾಲೆಯಲ್ಲಿ ಕೊಂಡಿ ಹಾಕುತ್ತ ಕೂತಿದ್ದಳು. ಕಪ್ಪು ಒಡಲು, ಕೆಂಪು ಸೆರಗು. ತಲೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದಿದ್ದಳು. ಮೈದುನ ನೂಲು ತರಲು ಹೋಗಿದ್ದ, ಮಗ್ಗ ಸುಮ್ಮನಿತ್ತು. ನನ್ನನ್ನು ಕಂಡು, "ಇಂಜೆಕ್ಷನ್ ಮಾತು ತಗದಿ ಅಂದ್ರ ಚಾ ಇಲ್ಲ ನೋಡು" ಅಂದಳು. ನಾನು ಎದುರಿಗೆ ಕೂತು ಕೊಂಡಿಗೆ ಕೈ ಹಾಕಿದೆ. ನಾಲ್ಕಾರು ಎಳೆ ಸಿಕ್ಕಿಸಿದ ಮೇಲೆ ತಲೆಯೆತ್ತದೆ ಹೇಳಿದೆ.

"ಅತ್ತಿ, ಅದು ಹಾಲಲ್ಲ."

"ಯಾವುದು?"

"ನಿನಗಾದ ಗಂಟು. ಅದು ಕ್ಯಾನ್ಸರ್. ಆ ಇಂಜೆಕ್ಷನ್ ರಕ್ತಕ್ಕಲ್ಲ, ಅದಕ್ಕ."

ಅವಳ ಬೆರಳು ನಿಲ್ಲಲಿಲ್ಲ. ಒಂದು ಎಳೆ, ಇನ್ನೊಂದು, ಮತ್ತೊಂದು.

"ನಿನಗ ಯಾವಾಗ ಗೊತ್ತಾತು?"

"ಮೊದಲಿಂದ."

"ಮತ್ತ ಯಾರಿಗೆ ಗೊತ್ತೈತಿ?"

ನಾನು ಒಬ್ಬೊಬ್ಬರನ್ನೇ ಹೇಳಿದೆ. ಇಬ್ಬರು ಮಕ್ಕಳು, ಕಮತಗಿಯಲ್ಲಿ ನನ್ನಣ್ಣ, ಬೀಗರು, ನಮ್ಮ ಶಾಲೆಯ ಹೆಡ್‌ಮಾಸ್ತರ್, ಕ್ಯಾಂಟೀನಿನವ.

"ಆ ಕ್ಯಾಂಟೀನಿನಾಂವಗೂ?"

"ಹೂಂ."

"ನನ್ನ ಮೈಯಾಗಿಂದು ಚಾ ಮಾರಾಂವಗ ಗೊತ್ತು. ನನಗ ಗೊತ್ತಿಲ್ಲ."

ಅಳುತ್ತಾಳೆಂದು ಕಾದೆ. ಬೈಯುತ್ತಾಳೆಂದು ಕಾದೆ. ಅತ್ತೆ ನನ್ನ ಕಡೆ ನೋಡಲೇ ಇಲ್ಲ, ತೆರೆದ ಬಾಗಿಲಿನಿಂದ ಎದುರು ಮನೆಯ ಕಡೆ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಮುಖದ ಬಣ್ಣ ಇಳಿಯಿತು. ಬೆರಳಲ್ಲಿದ್ದ ಎಳೆ ಬಿಟ್ಟಳು. ನೆಲಕ್ಕೆ ಕೈಯೂರಿ ಎದ್ದಳು.

"ಅತ್ತಿ, ಕೊಂಡಿ ಅರ್ಧ ಐತಿ."

"ಇರಲಿ ಬಿಡು."

ಬರಿಗಾಲಲ್ಲೇ ಓಣಿ ದಾಟಿ ಎದುರು ಮನೆಯ ಕಟ್ಟೆ ಹತ್ತಿದಳು. ಆ ಮನೆಯ ಸೊಸೆ ಕಟ್ಟೆಯ ಮೇಲೆ ಚರಕ ಇಟ್ಟುಕೊಂಡು ನೂಲು ಸುತ್ತುತ್ತಿದ್ದಳು. ಮೂವತ್ತೈದು ದಾಟಿರದ ಹೆಣ್ಣುಮಗಳು, ಎರಡು ಹೆಣ್ಣುಮಕ್ಕಳ ತಾಯಿ. ಅತ್ತೆ ಚರಕದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಓಣಿ ಅಗಲವಿರಲಿಲ್ಲ, ಮಾತು ನನಗೆ ಕೇಳಿಸುತ್ತಿತ್ತು.

"ತಂಗಿ, ಆವತ್ತ ನಾ ನಿನಗ ಹೇಳಿದ್ದು ಸುಳ್ಳು. ನನಗಾದದ್ದು ಹಾಲಗಂಟಲ್ಲ, ಕ್ಯಾನ್ಸರ್. ನೀ ನಾಳೆ ಮುಂಜಾನೆ ನನ್ನ ಕೂಡ ದವಾಖಾನಿಗೆ ಬಾ."

ಆಗ ನನಗೆ ತಿಳಿಯಿತು. ಆಪರೇಷನ್ ಆಗಿ ಅತ್ತೆ ಇಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ, ಈ ಹುಡುಗಿ ಬಂದು ತನ್ನ ಎದೆಯಲ್ಲಿನ ಗಂಟನ್ನು ಅವಳಿಗೆ ತೋರಿಸಿದ್ದಳು. ಮನೆಯಲ್ಲಿ ಬೇರೆ ಯಾರಿಗೂ ಹೇಳಿರಲಿಲ್ಲ. ಅತ್ತೆ ಅವಳ ತಲೆ ಸವರಿ, ನನ್ನದೂ ಇದೇ, ಹಾಲು ಗಟ್ಟಿಯಾಗೋದು, ನಮ್ಮ ಅಕ್ಕೋರು ಡಾಕ್ಟರನ್ನ ಕೇಳಿ ಹೇಳಿದ್ದಾಳೆ, ನೋಯುವುದಿಲ್ಲ ಅಂದರೆ ಅಂಜಬೇಡ, ನಮ್ಮ ಹುಡುಗರು ಸುಮ್ಮನೆ ಅವಸರ ಮಾಡಿ ಕೊಯ್ಯಿಸಿದರು, ಬೇವಿನ ತೊಪ್ಪಲು ಅರೆದು ಕಟ್ಟು ಅಂದಿದ್ದಳು. ಹುಡುಗಿ ಹತ್ತಿರ ಹತ್ತಿರ ಮೂರು ತಿಂಗಳು ಬೇವಿನ ತೊಪ್ಪಲು ಕಟ್ಟಿದಳು. ನಾನು ಒಬ್ಬಳಿಗೆ ಹೇಳಿದ ಸುಳ್ಳು ನನ್ನ ಹೆಸರಿನ ಮೇಲೆ ಓಣಿ ದಾಟಿ ಹೋಗಿತ್ತು.

ಅತ್ತೆ ತಿರುಗಿ ಬರಲು ಬಹಳ ಹೊತ್ತಾಯಿತು. ಎಳೆಗಳು ಜಾರತೊಡಗಿದ್ದವು. ಏನು ಮಾಡಬೇಕೆಂದು ತೋಚದೆ ಉಳಿದ ಕೊಂಡಿಯನ್ನು ನಾನೇ ಹಾಕುತ್ತ ಕೂತೆ. ಕಣ್ಣು ಮಂಜಾಗಿತ್ತು. ಎಷ್ಟು ಕಡೆ ಎರಡಕ್ಕೆ ಒಂದು ಸಿಕ್ಕಿಸಿದೆನೋ ಲೆಕ್ಕವಿಲ್ಲ. ಅತ್ತೆ ಬಂದು ಹೊಸ್ತಿಲ ಮೇಲೆ ನಿಂತು ನನ್ನನ್ನು ನೋಡಿದಳು.

"ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸ್ತೀ. ನನಗ ಒಂದ ಶಬ್ದ ಹೇಳಿಕೊಡಾಕ ನಿನಗ ಆಗಲಿಲ್ಲ."

ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ಬೈಗುಳವನ್ನು ನಾನು ತಿಂದಿಲ್ಲ. ಕೂತಲ್ಲೇ ಮೊಣಕಾಲಿಗೆ ಮುಖ ಒತ್ತಿ ಅತ್ತುಬಿಟ್ಟೆ. ಅವಳು ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಒಳಗೆ ಹೋಗಿ ಚಹಾ ಇಟ್ಟಳು.

ಮರುದಿನ ಅತ್ತೆ, ಎದುರು ಮನೆಯ ಹುಡುಗಿ, ನಾನು ಮೂವರೂ ಮೊದಲ ಬಸ್ಸಿಗೆ ಬಾಗಲಕೋಟೆಗೆ ಬಂದೆವು. ರೂಢಿಯ ಬಲದಿಂದ ನನ್ನ ಕಾಲು ಕ್ಯಾಂಟೀನಿನ ಕಡೆ ತಿರುಗಿತು. ಅತ್ತೆ ನನ್ನ ರಟ್ಟೆ ಹಿಡಿದು ಮುಂಬಾಗಿಲಿಗೆ ಎಳೆದಳು. ಬೋರ್ಡಿನ ಕೆಳಗೆ ನಿಂತು, ಬೆರಳು ಮೇಲೆತ್ತಿ, ವಚನದ ಪುಸ್ತಕ ಓದುವ ಹಾಗೆಯೇ ಕೂಡಿಸಿ ಓದಿದಳು. ಓದಿ ಮುಗಿಸಿ ಎದುರು ಮನೆಯ ಹುಡುಗಿಯ ಕೈ ಹಿಡಿದು ಒಳಗೆ ಹೋದಳು. ಆವತ್ತು ಸಿಸ್ಟರಿಗೆ ಕೇಳಿದ ಪ್ರಶ್ನೆಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಕೂದಲು ತಿರುಗಿ ಬರುತ್ತದೋ, ಬಂದರೆ ಬಿಳಿಯೋ ಕರಿಯೋ, ಚಾಕು ತಾಗಿದರೆ ರೋಗ ಹಬ್ಬುತ್ತದೆ ಅನ್ನುವುದು ಖರೆಯೋ, ಮೊಮ್ಮಗನಿಗೆ ತನ್ನ ತಾಟಿನಲ್ಲಿ ಉಣಿಸಬಹುದೋ, ಕೊಂಡಿ ಹಾಕಲು ಕೂಡಬಹುದೋ. ಸಿಸ್ಟರ್ ಒಂದೊಂದಕ್ಕೂ ಉತ್ತರ ಕೊಟ್ಟರು. ಸೂಜಿ ಚುಚ್ಚಿಸಿಕೊಂಡು ಮಲಗಿದಾಗ ಫೈಲು ತರಿಸಿಕೊಂಡು, ಅದರ ಅಂಗಿಯ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಬಿಚ್ಚಿದಳು. ಆ ಖಣವನ್ನು ತನ್ನ ಕುಪ್ಪಸದೊಳಗೆ ಚೀಲದ ಹಾಗೆ ಹೊಲಿದುಕೊಂಡು, ತೆಗೆದುಹಾಕಿದ ಎದೆಯ ಜಾಗಕ್ಕೆ ಅರಳೆ ತುಂಬಿಕೊಂಡಳು. "ಇಷ್ಟು ದಿನಕ್ಕ ಈ ಖಣ ಒಂದು ಕೆಲಸಕ್ಕ ಬಂತು" ಅಂದಳು.

ಆಮೇಲಿನ ತಿಂಗಳುಗಳನ್ನು ನಾನು ಕಷ್ಟದ ದಿನಗಳೆಂದು ನೆನೆಯಬೇಕು. ಆದರೆ ನೆನಪಾಗುವುದು ಬೇರೆಯೇ. ಎದುರು ಮನೆಯ ಹುಡುಗಿಯದೂ ಅದೇ ರೋಗವೆಂದಾಯಿತು, ಕಂಕುಳಕ್ಕೂ ಹಬ್ಬಿತ್ತು. ಇಬ್ಬರ ಇಂಜೆಕ್ಷನ್ ಒಂದೇ ದಿನ ಬರುವಂತೆ ಸಿಸ್ಟರ್ ಹೊಂದಿಸಿಕೊಟ್ಟರು. ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಇಳಿಯುತ್ತಿದ್ದರು. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಳ್ಳುತ್ತಿದ್ದರು, ಸೂಜಿ ಚುಚ್ಚಿದ ಮೇಲೆ ಹೇಗೂ ಬಾಯಿಗೆ ರುಚಿ ಇರುವುದಿಲ್ಲ, ಮೊದಲೇ ತಿಂದುಬಿಡೋಣ ಎಂದು. ಇಬ್ಬರದೂ ಬೋಳು ತಲೆ. ನಮ್ಮ ಮನೆಯ ಮಾಳಿಗೆಯ ಮೇಲೆ ಬಿಸಿಲು ಕಾಯಿಸುತ್ತ ಕೂತು, ಯಾರ ತಲೆ ಚೆನ್ನಾಗಿ ಗುಂಡಗಿದೆ ಎಂದು ಜಗಳ ಮಾಡುತ್ತಿದ್ದರು. ನಾನು ಗಂಜಿ ಕಾಯಿಸಿ ಒಯ್ದರೆ, "ನೋಡು, ಅಕ್ಕೋರು ತಪ್ಪಿಗೆ ದಂಡ ಕಟ್ಟಾಕ ಹತ್ಯಾರ" ಎಂದು ಅತ್ತೆ ಕಣ್ಣು ಹೊಡೆಯುತ್ತಿದ್ದಳು. ಹುಡುಗಿ ನಗುತ್ತಿದ್ದಳು. ನನ್ನ ಮೇಲೆ ಅವಳು ಒಂದು ದಿನವೂ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಹಗುರಾಗುತ್ತಿತ್ತು.

ಅತ್ತೆ ಆರನ್ನೂ ಮುಗಿಸಿದಳು. ಹುಡುಗಿಗೆ ಇನ್ನೂ ಹೆಚ್ಚು ಬೇಕಾಯಿತು. ಅವಳು ಎರಡೂವರೆ ವರ್ಷ ಬದುಕಿದಳು, ದೊಡ್ಡ ಮಗಳು ಹತ್ತನೆಯ ತರಗತಿಗೆ ಹೋಗುವುದನ್ನು ನೋಡಿದಳು. ಮೂರು ತಿಂಗಳು ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರಿಗೆ ಕೇಳಿದೆ. ಹಾಗೆ ಹೇಳಲಾಗುವುದಿಲ್ಲ ಎಂದರು. ಅವರು ಹೇಳದಿದ್ದರೂ ಆ ಮೂರು ತಿಂಗಳು ನನ್ನವು, ನನ್ನ ಹತ್ತಿರವೇ ಇವೆ.

ಅತ್ತೆ ಮುಂದೆ ಏಳು ವರ್ಷ ಗಟ್ಟಿಯಾಗಿದ್ದಳು. ಸೋಮವಾರ ಬಸವಣ್ಣನ ಗುಡಿಯಲ್ಲಿ ಹೆಂಗಸರು ವಚನ ಹಾಡಲು ಸೇರುತ್ತಿದ್ದರಲ್ಲ, ಹಾಡು ಮುಗಿದ ಮೇಲೆ ಎಲ್ಲರನ್ನೂ ಕೂಡಿಸಿಕೊಂಡು ಕ್ಯಾನ್ಸರ್ ಎಂಬ ಶಬ್ದವನ್ನು ಬಾಯಿ ತುಂಬ ಹೇಳುತ್ತಿದ್ದಳು. ಗಂಟು ನೋಯದಿದ್ದರೂ ತಡ ಮಾಡಬಾರದು, ತಿಂಗಳಿಗೊಮ್ಮೆ ಸ್ನಾನದ ಹೊತ್ತಿಗೆ ಕೈಯಾಡಿಸಿ ನೋಡಿಕೊಳ್ಳಿ, ತಂಬಾಕಿನ ಪುಡಿಯಿಂದ ಹಲ್ಲು ಉಜ್ಜಬೇಡಿ ಎಂದು ಗದರುತ್ತಿದ್ದಳು. ನಾಚಿಕೊಂಡವರಿಗೆ ತನ್ನ ಕುಪ್ಪಸದೊಳಗಿನ ಖಣದ ಚೀಲ ತೋರಿಸುತ್ತಿದ್ದಳು. ಕೊನೆಗೆ ಒಂದು ಮಧ್ಯಾಹ್ನ ಊಟ ಮಾಡಿ, ಕೊಂಡಿ ಹಾಕುವ ಗೋಡೆಗೇ ಒರಗಿ ಕೂತವಳು ಏಳಲಿಲ್ಲ. ಅದು ಕ್ಯಾನ್ಸರ್ ಅಲ್ಲ, ವಯಸ್ಸು.

ನಾನು ಕೊಂಡಿ ಹಾಕಿದ ಆ ಸೀರೆಯನ್ನು ಮೈದುನ ಹೇಗೋ ನೇಯ್ದು ಮುಗಿಸಿದ್ದ. ಸೆರಗು ಕೂಡುವ ಜಾಗದಲ್ಲಿ ಅಲ್ಲಲ್ಲಿ ಎಳೆ ಬಿಟ್ಟ ಗೆರೆ ಕಾಣುತ್ತಿತ್ತು, ಅಂಗಡಿಗೆ ಕೊಡುವಂತಿರಲಿಲ್ಲ. ಅತ್ತೆಯೇ ಅದನ್ನು ಉಟ್ಟಳು. ಅವಳು ಹೋದ ಮೇಲೆ ನನ್ನ ಪಾಲಿಗೆ ನಾನು ಅದೊಂದನ್ನೇ ಕೇಳಿ ತಂದೆ. ನಿವೃತ್ತಿಯಾದ ತಿಂಗಳೇ ಸಿಸ್ಟರ್ ನನ್ನನ್ನು ಈ ಬೆಂಚಿಗೆ ಕರೆದರು. ಗುರುವಾರ ನಾನು ಉಡುವುದು ಅದೇ ಸೀರೆ.

ಕಿಟಕಿಯ ಹತ್ತಿರ ನಿಂತು ಕುಳಗೇರಿಯ ಮಗನಿಗೆ ಇದನ್ನೆಲ್ಲ ಹೇಳಿದೆ. ಇಷ್ಟು ಉದ್ದಕ್ಕಲ್ಲ, ಎದುರು ಮನೆಯ ಹುಡುಗಿಯ ತನಕ ಮಾತ್ರ. ಅವನು ತಲೆ ತಗ್ಗಿಸಿ ಕೇಳಿದ. ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು, ಅವ್ವ ತಾನಾಗಿ ನನ್ನನ್ನು ಕೇಳಿದರೆ ಮಾತ್ರ ನಾನು ಸುಳ್ಳು ಹೇಳುವವಳಲ್ಲ ಅಂದೆ. ಇಬ್ಬರೂ ಬೆಂಚಿಗೆ ಬಂದೆವು. ಅವನ ತಾಯಿ ನನ್ನ ಸೆರಗು ಹಿಡಿದು ನೋಡುತ್ತಿದ್ದಳು.

"ಇಲ್ಲಿ ಎಳಿ ತಪ್ಪ್ಯಾವಲ್ರಿ."

"ಹೌದ್ರಿ. ನಾನ ತಪ್ಪಿಸಿದ್ದು."

ಮಗ ನನ್ನ ಮುಖ ನೋಡಿದ. ಆಮೇಲೆ ತಾಯಿಯ ಕಾಲ ಹತ್ತಿರ ನೆಲದ ಮೇಲೆ ಕೂತು, ಫೈಲನ್ನು ನೇರ ಮಾಡಿ ಅವಳ ತೊಡೆಯ ಮೇಲಿಟ್ಟ. ಅವಳಿಗೆ ಓದಲು ಬರುವುದಿಲ್ಲ. ಅಕ್ಷರದ ಮೇಲೆ ಬೆರಳಿಟ್ಟು ಅವನೇ ಓದಿ ಹೇಳಿದ. ಮೆತ್ತಗೆ ಹೇಳಿದರೂ ಪೂರ್ತಿ ಹೇಳಿದ. ತಾಯಿ ಬಹಳ ಹೊತ್ತು ಆ ಬೆರಳನ್ನೇ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನ ತಲೆಯ ಮೇಲೆ ಕೈಯಿಟ್ಟಳು. ನಾನು ನೀರಿನ ಬಾಟಲಿ ಮುಂದೆ ಹಿಡಿದೆ. ಅವಳು ಕುಡಿಯಲಿಲ್ಲ.

"ನಿಮ್ಮ ಚಿಗವ್ವಗೂ ಹಿಂಗ ಐತಪ್ಪ" ಅಂದಳು ಮಗನಿಗೆ. "ಹೋದ ಅಮಾಸಿಗೆ ನನಗ ತೋರಿಸಿದ್ಲು. ನನ್ನಂಗ ಬರೇ ಗಂಟ ಅದು, ಅಂಜಬ್ಯಾಡ ಅಂತ ಹೇಳಿ ಕಳಿಸೇನಿ."

ಆಮೇಲೆ ನನ್ನ ಕಡೆ ತಿರುಗಿ, ಇಲ್ಲಿಂದ ಫೋನು ಹತ್ತುತ್ತದೆಯೇ ಎಂದು ಕೇಳಿದಳು.